ಕಜ್ಜಿಗೆ ಕ್ರೀಮೋ ಗುಳಿಗೆಯೋ? ನಮ್ಮ ಮನೆಯಲ್ಲಿ ಎರಡೂ ಆಯ್ತು

ದೀಪಾವಳಿಗೆ ಹಾಸ್ಟೆಲಿನಿಂದ ಬಂದ ಮಗ ನಮಗೆಲ್ಲ ಕಜ್ಜಿ ಹಂಚಿ ಹೋಗಿದ್ದ. ಗೊತ್ತಾದದ್ದು ಅವನು ವಾಪಸ್ ಹೋಗಿ ತಿಂಗಳಾದ ಮೇಲೆ. ಮೊದಲ ಸಲ ಹತ್ತಿದಾಗ ತುರಿಕೆ ಶುರುವಾಗಲು 4ರಿಂದ 6 ವಾರ ಹಿಡಿಯುತ್ತದಂತೆ. ಬೆರಳ ಸಂದಿ, ಮಣಿಕಟ್ಟು, ಸೊಂಟ. ರಾತ್ರಿ ಆದರೆ ಸಾಕು, ಎಲ್ಲ ಕೋಣೆಯಿಂದಲೂ ಪರಪರ ಸದ್ದು.

ಚರ್ಮದ ಡಾಕ್ಟರು ಮೊದಲು ಬರೆದದ್ದು ಶೇ. 5ರ ಪರ್ಮೆಥ್ರಿನ್ ಕ್ರೀಮು. ರಾತ್ರಿ ಕತ್ತಿನಿಂದ ಅಂಗಾಲಿನವರೆಗೆ ಹಚ್ಚಬೇಕು, ಉಗುರಿನ ಸಂದಿಯನ್ನೂ ಬಿಡಬಾರದು. 8ರಿಂದ 14 ಗಂಟೆ ಬಿಟ್ಟು ಸ್ನಾನ. ನಾನು ಚಿಕ್ಕವಳಿದ್ದಾಗ ಹಚ್ಚುತ್ತಿದ್ದ ಬೆಂಜೈಲ್ ಬೆಂಜೊಯೇಟ್ ಉರಿ ನೆನೆದರೆ ಇದು ಬೆಣ್ಣೆ. ಆದರೆ ಒಬ್ಬರಿಗೆ ಹೆಚ್ಚೂಕಮ್ಮಿ 30 ಗ್ರಾಂ ಬೇಕು. ದೊಡ್ಡವರೇ ಐದು ಜನ ಇದ್ದೇವೆ, ನಾನು ಜಿಪುಣತನ ಮಾಡಿ ಮೂರೇ ಟ್ಯೂಬ್ ತಂದೆ. ಮಾವನವರು "ನನಗೇನೂ ಇಲ್ಲ ಕಣಮ್ಮ" ಅಂತ ಹಚ್ಚಿಕೊಳ್ಳಲೇ ಇಲ್ಲ. ನನ್ನ ಬೆನ್ನು ನನಗೆ ಎಟುಕಲಿಲ್ಲ. ಪಾತ್ರೆ ತೊಳೆದು ಕೈಯದ್ದೂ ಹೋಯಿತು, ಮತ್ತೆ ಹಚ್ಚಲು ಸೋಮಾರಿತನ. ಮೂರು ವಾರದಲ್ಲಿ ಹೊಸ ಗುಳ್ಳೆ ಎದ್ದರೆ ಕ್ರೀಮನ್ನು ಬೈಯುವುದು ಹೇಗೆ?

ಎರಡನೇ ಸುತ್ತಿಗೆ ಐವರ್‌ಮೆಕ್ಟಿನ್ ಗುಳಿಗೆ. ಕಿಲೋಗೆ 200 ಮೈಕ್ರೋಗ್ರಾಂ ಲೆಕ್ಕ, 60 ಕಿಲೋ ಇರುವ ನನಗೆ 12 ಮಿಲಿಗ್ರಾಂ. ಊಟದ ಜೊತೆ ನುಂಗಿದರೆ ಮುಗೀತು. ಮಾವನವರ ಬೇರೆ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ, ಅವರಿಗೂ ಕೊಟ್ಟೆವು. ತಕರಾರೇ ಇಲ್ಲ! ಇಲ್ಲೂ ಒಂದು ಕಿರಿಕಿರಿ ಇದೆ: ಗುಳಿಗೆ ಕಜ್ಜಿ ಹುಳುವಿನ ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಮರಿ ಹೊರಬಂದ ಮೇಲೆ ಹಿಡಿಯಬೇಕು, ಅದಕ್ಕೇ 7ರಿಂದ 14 ದಿನ ಬಿಟ್ಟು ಇನ್ನೊಂದು ಡೋಸು. ಮರೆಯದಿರಲಿ ಅಂತ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಗುರುತು ಹಾಕಿದೆ.

ಓರಗಿತ್ತಿಯ ಮಗಳಿಗೆ ಮಾತ್ರ ಮತ್ತೆ ಕ್ರೀಮೇ. 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ, ಬಸುರಿಯರಿಗೆ ಸಾಮಾನ್ಯವಾಗಿ ಗುಳಿಗೆ ಕೊಡುವುದಿಲ್ಲ. ಅವಳಿಗೆ ಹಚ್ಚುವುದು ಸುಲಭ ಬಿಡಿ, ಒಂದು ಹಿಡಿ ಬೆನ್ನು.

ಹಾಸಿಗೆ ಬಟ್ಟೆಯ ಕೆಲಸ ಎರಡರಲ್ಲೂ ತಪ್ಪಲಿಲ್ಲ. ಬಿಸಿನೀರಲ್ಲಿ ಒಗೆದೆವು. ಒಗೆಯಲಾಗದ ರಗ್ಗುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆವು. ಮೈಯಿಂದ ಬಿದ್ದ ಹುಳು ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ. ಹುಳು ಸತ್ತ ಮೇಲೂ ಕೆಲವು ವಾರ ತುರಿಕೆ ಇರುತ್ತದೆ. ಇದು ಗೊತ್ತಿಲ್ಲದೆ, ಗುಳಿಗೆಯೂ ಸುಮ್ನೆ ದಂಡ ಅಂತ ನಾನು ಅತ್ತದ್ದೂ ಆಯ್ತು.

ಹಾಸ್ಟೆಲಿನಲ್ಲಿ ಬೆನ್ನಿಗೆ ಹಚ್ಚುವವರು ಯಾರು ಅಲ್ವಾ? ಮಗನೂ ಅಲ್ಲೇ ಡಾಕ್ಟರಿಗೆ ತೋರಿಸಿ ಗುಳಿಗೆ ತೆಗೆದುಕೊಂಡ. ರೂಮಿನ ಇನ್ನಿಬ್ಬರು ತೆಗೆದುಕೊಂಡರಾ ಅಂದರೆ, "ಕೇಳ್ತೀನಮ್ಮ" ಅನ್ನುತ್ತಾನೆ. ಸಂಕ್ರಾಂತಿಗೆ ಬರುತ್ತಾನಂತೆ.