ಹಿಂದೆ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಇದ್ದರೆ ಸಾಕು ಅಂತ ನಂಬಿಸುತ್ತಾರೆ, ಹಳೇ ಪಿಕಪ್ ಕೊಳ್ಳುವವರು ಓದಿ

ಅಮೆರಿಕದಲ್ಲಿರುವ ನಮ್ಮವರು ಯಾರಾದರೂ ಕಾರ್ ಟ್ರೇಲರ್ ಎಳೆಯಲು ಕಡಿಮೆ ಬೆಲೆಗೆ ಹಳೇ ಪಿಕಪ್ ಹುಡುಕುತ್ತಿದ್ದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ. ಆಸ್ಟಿನ್ ಹತ್ತಿರದ ಒಬ್ಬ ಡೀಲರ್ ನನಗೆ ಮೋಸ ಮಾಡಿದ್ದಾನೆ. ಮೋಸ ಅಂತಲೇ ಹೇಳುತ್ತೇನೆ.

ನನಗೆ ಹಳೇ ಕಾರ್ ತಂದು ರಿಪೇರಿ ಮಾಡುವ ಹುಚ್ಚು. ಎರಡು ಆಕ್ಸಲ್‌ನ ಕಬ್ಬಿಣದ ಟ್ರೇಲರ್ ಖಾಲಿ ಇದ್ದರೇ ಸುಮಾರು 2,000 ಪೌಂಡ್. ಮೇಲೊಂದು ಸೆಡಾನ್ ಹತ್ತಿಸಿದರೆ ಇನ್ನೂ 3,500. ಒಟ್ಟು 5,500 ಪೌಂಡ್, ಅದೂ ಟೆಕ್ಸಸ್ ಬಿಸಿಲಲ್ಲಿ. ಇದನ್ನು ಸೇಲ್ಸ್‌ಮನ್‌ಗೆ ಫೋನಲ್ಲಿ ಹೇಳಿದ್ದೆ, ಎದುರಿಗೆ ಹೇಳಿದ್ದೆ, ಇಮೇಲ್‌ನಲ್ಲೂ ಬರೆದಿದ್ದೆ. ಅವನು ತೋರಿಸಿದ್ದು 2015ರ ಷೆವರ್ಲೆ ಸಿಲ್ವರಾಡೊ 1500 ಪಿಕಪ್. "5.3 ಲೀಟರ್ ವಿ8 ಸಾರ್, 9,000 ಪೌಂಡ್ ಆರಾಮಾಗಿ ಎಳೆಯುತ್ತೆ. ಟೋ ಪ್ಯಾಕೇಜ್ ಇದೆ. ಬನ್ನಿ, ಹಿಚ್ ನೋಡಿ." ಟೋ ಪ್ಯಾಕೇಜ್ ಅಂದರೆ ಟ್ರೇಲರ್ ಎಳೆಯಲು ಕಾರ್ಖಾನೆಯಲ್ಲೇ ಹಾಕುವ ಸಾಮಾನು. ಹಿಚ್ ಇತ್ತು. ಟ್ರೇಲರ್ ಕೂರಿಸುವ ಹೊಳೆಯುವ ಹೊಸ ಬಾಲ್ (ಗುಂಡು) ಕೂಡ ಹಾಕಿಟ್ಟಿದ್ದರು. 16,000 ಡಾಲರ್ ಕೊಟ್ಟೆ.

ಗೊತ್ತಾಗಿದ್ದು ಟ್ರೇಲರ್ ತರಲು ಹೋದಾಗ. ಅಂಗಡಿಯವರು ಬಂಪರ್ ಕೆಳಗೆ ಬಗ್ಗಿ ನೋಡಿ, "ಏಳು ಪಿನ್ ಸಾಕೆಟ್ ಎಲ್ಲಿ?" ಅಂದರು. ಇದ್ದದ್ದು ನಾಲ್ಕು ಪಿನ್ನಿನ ಚಪ್ಪಟೆ ವೈರ್. ಅದರಿಂದ ಟ್ರೇಲರ್ ಲೈಟ್ ಉರಿಯುತ್ತದೆ ಅಷ್ಟೇ, ಅದರ ಎಲೆಕ್ಟ್ರಿಕ್ ಬ್ರೇಕ್‌ಗೆ ಕರೆಂಟ್ ಹೋಗುವುದೇ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಆ ಬ್ರೇಕ್ ಹಿಡಿಸುವ ಬ್ರೇಕ್ ಕಂಟ್ರೋಲರ್ ಕೂಡ ಇಲ್ಲ. ಟೆಕ್ಸಸ್ ಹೈವೇಯಲ್ಲಿ 4,500 ಪೌಂಡ್ ದಾಟಿದ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು. ಆಮೇಲೆ ಅವರು ಗ್ಲೋವ್ ಬಾಕ್ಸ್ ತೆಗೆದರು. ಈ ಟ್ರಕ್‌ಗಳಲ್ಲಿ ಅಲ್ಲೊಂದು ಸ್ಟಿಕ್ಕರ್ ಇರುತ್ತದೆ, ಕಾರ್ಖಾನೆಯಲ್ಲಿ ಏನೇನು ಹಾಕಿದ್ದಾರೆ ಅನ್ನುವುದರ ಕೋಡ್‌ಗಳು. ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಝಡ್82 ಇಲ್ಲ. ಅಂದರೆ ಟೋ ಪ್ಯಾಕೇಜ್ ಇಲ್ಲ. ಜಿಯು4 ಇದೆ. ಅಂದರೆ ಹಿಂದಿನ ಆಕ್ಸಲ್ ಗೇರ್ ರೇಷಿಯೋ 3.08 (ಈ ಸಂಖ್ಯೆ ಹೆಚ್ಚಿದ್ದಷ್ಟೂ ಎಳೆಯುವ ಬಲ ಹೆಚ್ಚು), ಖಾಲಿ ಓಡಿಸುವಾಗ ಪೆಟ್ರೋಲ್ ಉಳಿಸಲು ಕೊಡುವ ಗೇರ್. ಹಿಚ್ ಯಾರೋ ಹೊರಗಡೆ ಕೊಂಡು ಬೋಲ್ಟ್ ಹಾಕಿದ್ದು. ನನ್ನ ಹಿಂದೆ ಟ್ರೇಲರ್ ಕಾಯುತ್ತಿದ್ದ ಇಬ್ಬರು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಮುಖ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಅವನು ಹೇಳಿದ 9,000 ಪೌಂಡ್ ಇದೇ ಎಂಜಿನ್‌ನದ್ದೇ, ಆದರೆ 3.42 ಆಕ್ಸಲ್ ಇದ್ದಾಗ. 3.08 ಇದ್ದರೆ ಸಾವಿರಾರು ಪೌಂಡ್ ಕಡಿಮೆ. ದಿನಾ ಟ್ರಕ್ ಮಾರುವವನಿಗೆ ಇದು ಗೊತ್ತಿರಲ್ವಾ?

ಅಲ್ಲಿಂದಲೇ ಫೋನ್ ಮಾಡಿದೆ. "ಹಿಚ್ ಇದೆಯಲ್ಲ ಸಾರ್?" ಟೋ ಪ್ಯಾಕೇಜ್ ಇಲ್ಲ ಅಂದೆ. "ಹಿಚ್ ಅಂದ್ರೆ ಅದೇ ಅಲ್ವಾ?" ಬ್ರೇಕ್‌ಗೆ ವೈರ್ ಇಲ್ಲ ಅಂದೆ. "ಅದನ್ನ ಹಾಕಿಸ್ಕೊಬಹುದು." ಆಕ್ಸಲ್ ಅಂದೆ. ಸುಮ್ಮನಾದ. ಮರುದಿನ ಮ್ಯಾನೇಜರ್ ಹತ್ತಿರ ಹೋದೆ. "ನೀವೇ ಓಡಿಸಿ ನೋಡಿದ್ರಲ್ಲ." ಖಾಲಿ ಟ್ರಕ್ ಓಡಿಸಿದರೆ ಆಕ್ಸಲ್ ರೇಷಿಯೋ ಕಾಣುತ್ತಾ? ಆಮೇಲೆ ಕಿಟಕಿಗೆ ಅಂಟಿಸಿದ್ದ ಬೈಯರ್ಸ್ ಗೈಡ್ ಹಾಳೆ ತೆಗೆದು, "ಆಸ್ ಈಸ್" (ಇದ್ದ ಹಾಗೇ ಮಾರಾಟ, ವಾರಂಟಿ ಇಲ್ಲ) ಅನ್ನುವ ಜಾಗಕ್ಕೆ ಪೆನ್ನಿನಿಂದ ಕುಟ್ಟಿ ತೋರಿಸಿದ. ಬಾಯಿಮಾತಿನ ಭರವಸೆ ನಂಬಬೇಡಿ, ಬರಹದಲ್ಲಿ ಪಡೆಯಿರಿ ಅಂತ ಅದೇ ಹಾಳೆಯಲ್ಲಿದೆ. ನನ್ನ ಹತ್ತಿರ ಬರಹದಲ್ಲೇ ಇತ್ತು! ಟೋ ಪ್ಯಾಕೇಜ್ ಇದೆ ಅಂತ ಬಂದ ಇಮೇಲ್ ತೋರಿಸಿದೆ. ಮ್ಯಾನೇಜರ್ ಏನಂದ ಗೊತ್ತಾ? "ಆ ಹುಡುಗ ಈಗ ನಮ್ಮಲ್ಲಿ ಕೆಲಸ ಮಾಡ್ತಿಲ್ಲ." ಹಿಂದಿನ ದಿನ ತಾನೇ ಅವನೇ ಫೋನ್ ಎತ್ತಿದ್ದ! ಕೊನೆಗೆ ದೊಡ್ಡ ಉಪಕಾರ ಮಾಡುವವನ ಹಾಗೆ, 12,500ಕ್ಕೆ ವಾಪಸ್ ತಗೊಳ್ತೀವಿ, ಬೇರೆ ಟ್ರಕ್ ತಗೊಳ್ಳಿ ಅಂದ. ಇನ್ನೊಮ್ಮೆ ಅವರ ಹತ್ತಿರಾನಾ? ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಂಥ ಸಿಲ್ವರಾಡೊ ಕೊಳ್ಳುವವರು ಹೊರಡುವ ಮೊದಲೇ ಗ್ಲೋವ್ ಬಾಕ್ಸ್ ಸ್ಟಿಕ್ಕರ್ ಫೋಟೋ ಕೇಳಿ. ಝಡ್82 ಇರಬೇಕು, ಜೊತೆಗೆ ಜಿಯು6 ಅಥವಾ ಜಿಟಿ4, ಅಂದರೆ 3.42 ಅಥವಾ 3.73. ಜೆಎಲ್1 ಇದ್ದರೆ ಬ್ರೇಕ್ ಕಂಟ್ರೋಲರ್ ಕಾರ್ಖಾನೆಯದ್ದೇ. ಫೋರ್ಡ್ ಆದರೆ ಆಕ್ಸಲ್ ಕೋಡ್ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುತ್ತದೆ. ಅಲ್ಲೇ ಪೇಲೋಡ್ (ಟ್ರಕ್ ತನ್ನ ಮೇಲೆ ಹೊರಬಹುದಾದ ತೂಕ) ಸಂಖ್ಯೆಯನ್ನೂ ನೋಡಿ. ಟ್ರೇಲರ್ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹಿಚ್ ಮೇಲೆ ಕೂರುತ್ತದೆ. ನನ್ನ ಲೋಡ್‌ಗೆ ಅದೇ 550ರಿಂದ 825 ಪೌಂಡ್. ಹೆಂಡತಿ, ಮಕ್ಕಳು, ಟೂಲ್ ಬಾಕ್ಸ್ ಎಲ್ಲ ಉಳಿದದ್ದರಲ್ಲಿ. ಫೋಟೋ ಆಮೇಲೆ ಕಳಿಸ್ತೀನಿ ಅಂದರೆ ಆ ಕಡೆ ತಲೆ ಹಾಕಬೇಡಿ. ಹಿಚ್ ಇದೆಯಲ್ಲ ಅಂದರಂತೂ ಫೋನ್ ಇಟ್ಟುಬಿಡಿ.

ಇಮೇಲ್ ಲಗತ್ತಿಸಿ ರಾಜ್ಯದ ಮೋಟಾರು ಇಲಾಖೆಗೆ ದೂರು ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.