ವಿಶ್ವ ಪರಂಪರೆ ಜಾಲತಾಣದ ‘ಡಾಕ್ಯುಮೆಂಟ್ಸ್’ ಟ್ಯಾಬ್ ಮತ್ತು ಅದರ ಮೂರು ಜೊತೆಗಾರರು: ವರ್ಷಗಟ್ಟಲೆ ಬಳಸಿದ ಮೇಲೆ

ಒಂದು ದೇಶದ ಪರಂಪರೆ, ವನ್ಯಜೀವಿಗಳ ಬಗ್ಗೆ ನಂಬುವಂಥ ಮಾಹಿತಿ ಬೇಕಾದಾಗ ತೆರೆಯಬೇಕಾದ ಬಾಗಿಲು ನಾಲ್ಕೇ: ಯುನೆಸ್ಕೊದ ವಿಶ್ವ ಪರಂಪರೆ ಜಾಲತಾಣ, ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿ (ಜೀವಿಗಳಿಗೆ ಅಳಿವಿನ ಅಪಾಯ ಎಷ್ಟೆಂದು ಹೇಳುವ ಪಟ್ಟಿ), ಜೀವಿದಾಖಲೆಗಳ ಭಂಡಾರ ಜಿಬಿಐಎಫ್, ಹಳೆಯ ಪುಸ್ತಕಗಳಿಗೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ (ಬಿಎಚ್‌ಎಲ್). ನಾಲ್ಕೂ ಪುಕ್ಕಟೆ. ಹಾಗಾಗಿ ಕೊಟ್ಟ ದುಡ್ಡಿಗೆ ಮೋಸವಿಲ್ಲವೇ ಎಂಬ ಪ್ರಶ್ನೆಯೇ ಇಲ್ಲ, ಹಾಕುವ ಹೊತ್ತಿಗೆ ಮೋಸವಿಲ್ಲವೇ ಎಂದು ನೋಡಿದರೆ ಸಾಕು. ಎಲ್ಲಿ ಏನು ಸಿಗುತ್ತದೆ ಎಂಬುದು ಆಯಾ ಮುಖಪುಟದಲ್ಲೇ ಇದೆ, ಅದನ್ನು ಬಿಟ್ಟು ಮುಂದೆ ಹೋಗೋಣ.

ಉದಾಹರಣೆಗೆ ಒಂದೇ ಪ್ರಾಣಿ ಹಿಡಿಯುತ್ತೇನೆ: ಒಮಾನ್‌ನ ಅರೇಬಿಯನ್ ಒರಿಕ್ಸ್. ಬಿಳಿ ಮೈ, ನೀಳ ಕೊಂಬು, ಮರುಭೂಮಿಯ ವಾಸ. ಅದಕ್ಕೆಂದೇ ಕಾಯ್ದಿಟ್ಟ ಪ್ರದೇಶ 1994ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿತು, 2007ರಲ್ಲಿ ಹೊರಬಿತ್ತು. ಪಟ್ಟಿಯಿಂದ ತೆಗೆದುಹಾಕಿದ ಮೊಟ್ಟಮೊದಲ ತಾಣ ಅದೇ.

ಯುನೆಸ್ಕೊ ಜಾಲತಾಣದಲ್ಲಿ ಹೆಚ್ಚಿನವರು ಓದುವುದು ‘ಡಿಸ್ಕ್ರಿಪ್ಷನ್’ ಟ್ಯಾಬಿನ ಎರಡು ಪ್ಯಾರಾ. ಪತ್ರಿಕೆಗಳಲ್ಲೂ ಪ್ರವಾಸಿ ಕೈಪಿಡಿಗಳಲ್ಲೂ ತಿರುಗುವುದು ಅದೇ ಎರಡು ಪ್ಯಾರಾ. ಪಕ್ಕದಲ್ಲಿರುವ ‘ಡಾಕ್ಯುಮೆಂಟ್ಸ್’ ಒತ್ತುವವರು ಕಡಿಮೆ. ಈ ವಿಮರ್ಶೆ ಬರೆಯಲು ಕಾರಣವೇ ಆ ಟ್ಯಾಬು. ದೇಶವು ಸಲ್ಲಿಸಿದ ನಾಮನಿರ್ದೇಶನ ಕಡತ, ಅದನ್ನು ಪರಿಶೀಲಿಸಿದ ಸಲಹಾ ಸಂಸ್ಥೆಯ ವರದಿ, ಪಟ್ಟಿಗೆ ಸೇರಿಸುವ ಬಿಡುವ ಅಧಿಕಾರವಿರುವ ವಿಶ್ವ ಪರಂಪರೆ ಸಮಿತಿಯ ತೀರ್ಮಾನ, ಆಮೇಲಿನ ವರ್ಷಗಳ ಸಂರಕ್ಷಣಾ ಸ್ಥಿತಿಯ ವರದಿಗಳು, ಎಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ.

ಓದುವಾಗ ಈ ಸಾಲನ್ನು ತಿರುಗಿಸಿಕೊಳ್ಳಬೇಕು. ಮೊದಲು ತೀರ್ಮಾನ, ಆಮೇಲೆ ಸಲಹಾ ಸಂಸ್ಥೆಯ ವರದಿ, ನಾಮನಿರ್ದೇಶನ ಕಡತ ಕೊನೆಗೆ. ಆ ಕಡತ ಬರೆದದ್ದು ಆ ದೇಶವೇ. ಮಗಳ ಮದುವೆಗೆ ಅಪ್ಪ ಕೊಡುವ ವಿವರಗಳ ಹಾಗೆ, ಸುಳ್ಳಿರಲಿಕ್ಕಿಲ್ಲ, ಆದರೆ ಕೊರತೆಯೂ ಕಾಣುವುದಿಲ್ಲ. ಕೊರತೆ ಬೇಕಿದ್ದರೆ ಸಲಹಾ ಸಂಸ್ಥೆಯ ವರದಿ ತೆರೆಯಿರಿ. ಕಟ್ಟಡ, ಊರು, ಶಿಲ್ಪಗಳಿಗೆ ಸ್ಮಾರಕ ತಜ್ಞರ ಅಂತರರಾಷ್ಟ್ರೀಯ ಮಂಡಳಿಯಾದ ಇಕೊಮೊಸ್, ನಿಸರ್ಗ ತಾಣಗಳಿಗೆ ಐಯುಸಿಎನ್. ಅದರಲ್ಲೂ ಇತರ ತಾಣಗಳೊಂದಿಗೆ ಹೋಲಿಸುವ ಭಾಗವನ್ನು ಬಿಡಬಾರದು. ‘ವಿಶ್ವದಲ್ಲೇ ಅಪರೂಪ’ ಎಂಬ ಮಾತಿನ ತೂಕ ತಿಳಿಯುವುದು ಅಲ್ಲೇ.

ಕೊನೆಯಲ್ಲಿ ಶಿಫಾರಸು. ಸೇರಿಸಿ, ಹೆಚ್ಚಿನ ಮಾಹಿತಿಗೆ ಹಿಂದಿರುಗಿಸಿ, ಮುಂದೂಡಿ, ಸೇರಿಸಬೇಡಿ ಎಂದು ನಾಲ್ಕು ಬಗೆ. ‘ಮುಂದೂಡಿ’ ಎಂದರೆ ಪ್ರಸ್ತಾವವನ್ನು ಬಹುಮಟ್ಟಿಗೆ ಹೊಸದಾಗಿಯೇ ಮಾಡಬೇಕು ಎಂದರ್ಥ. ಸಮಿತಿ ಈ ಶಿಫಾರಸನ್ನು ಒಪ್ಪಲೇಬೇಕೆಂದಿಲ್ಲ. 2012ರಲ್ಲಿ ಪಶ್ಚಿಮ ಘಟ್ಟಗಳ 39 ಪ್ರದೇಶಗಳು ಪಟ್ಟಿಗೆ ಸೇರಿದವಲ್ಲ, ಆಗ ಐಯುಸಿಎನ್ ಹೇಳಿದ್ದು ‘ಮುಂದೂಡಿ’ ಎಂದು. ಡಿಸ್ಕ್ರಿಪ್ಷನ್ ಓದಿದವರಿಗೆ ಇದರ ಸುಳಿವೂ ಸಿಗದು.

ಹಳೆಯ ಕಡತಗಳಲ್ಲಿ ಎರಡು ಕಿರಿಕಿರಿ. ಅವು ಸ್ಕ್ಯಾನ್ ಪ್ರತಿಗಳಾದ್ದರಿಂದ ಪದ ಹುಡುಕಿದರೆ ‘ಇಲ್ಲ’ ಎಂದು ಬರಬಹುದು. ಒಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಹುಡುಕಬಹುದಾದ ಪಠ್ಯವಾಗಿಸುವುದು) ಮಾಡಿಸಿಕೊಳ್ಳದೆ ಆ ‘ಇಲ್ಲ’ವನ್ನು ನಂಬಬೇಡಿ. ಎರಡನೆಯದು, ತಾಣವನ್ನು ಪಟ್ಟಿಗೆ ಸೇರಿಸಲು ನೋಡುವ ಮಾನದಂಡಗಳ ಸಂಖ್ಯೆ. ಈಗ ಒಂದರಿಂದ ಹತ್ತರವರೆಗೆ ಒಂದೇ ಪಟ್ಟಿ ಇದೆ. 2005ಕ್ಕೆ ಮುಂಚೆ ಸಾಂಸ್ಕೃತಿಕ ತಾಣಗಳಿಗೆ ಆರು, ನೈಸರ್ಗಿಕ ತಾಣಗಳಿಗೆ ನಾಲ್ಕು ಎಂದು ಬೇರೆ ಬೇರೆ ಇದ್ದವು. ಹಳೆಯ ನೈಸರ್ಗಿಕ ನಾಲ್ಕು ಈಗಿನ ಹತ್ತು. ಹಳೆಯ ಒಂದು ಈಗ ಎಂಟು, ಎರಡು ಈಗ ಒಂಬತ್ತು, ಆದರೆ ಮೂರು ಮಾತ್ರ ಏಳು. ಒರಿಕ್ಸ್ ತಾಣದ 1994ರ ದಾಖಲೆಯಲ್ಲಿ ‘ನಾಲ್ಕು’ ಎಂದಿರುವುದನ್ನು ಈಗಿನ ಪಟ್ಟಿಗೆ ಹಚ್ಚಿದರೆ ಮರುಭೂಮಿ ಪ್ರಾಣಿ ವಾಸ್ತುಶಿಲ್ಪದ ಮಾನದಂಡಕ್ಕೆ ಹೋಗಿ ಬೀಳುತ್ತದೆ.

ಇಷ್ಟು ದಾಟಿದರೆ ಸಿಗುವುದು ಗಟ್ಟಿ ಮಾಹಿತಿ. ಒಮಾನ್ ಸರ್ಕಾರ ಸಂರಕ್ಷಿತ ಪ್ರದೇಶವನ್ನು ಶೇ 90ರಷ್ಟು ಕಡಿತ ಮಾಡಿತು. 1996ರಲ್ಲಿ 450 ಇದ್ದ ಒರಿಕ್ಸ್‌ಗಳು 65ಕ್ಕಿಳಿದವು, ಮರಿ ಹಾಕುವ ಜೋಡಿಗಳು ಉಳಿದದ್ದು ಸುಮಾರು ನಾಲ್ಕು. ಡೌನ್‌ಲೋಡ್ ಆದ ಕೂಡಲೇ ಫೈಲಿನ ಹೆಸರನ್ನು ವರ್ಷ, ಸಂಸ್ಥೆ, ದಾಖಲೆಯ ಬಗೆ ಎಂಬ ಕ್ರಮದಲ್ಲಿ ಬದಲಿಸಿ, ಪ್ರತಿ ಅಂಕಿಯ ಪಕ್ಕ ಪುಟಸಂಖ್ಯೆ ಬರೆದುಕೊಳ್ಳುವುದು ಎರಡು ನಿಮಿಷದ ಕೆಲಸ. ತಿಂಗಳು ಬಿಟ್ಟು ಅದೇ ಅಂಕಿ ಹುಡುಕಲು ಹೋದಾಗ ಅರ್ಧ ದಿನ ಉಳಿಸಿಕೊಡುವುದು ಇದೇ.

ಇನ್ನು ಕೆಂಪು ಪಟ್ಟಿ. 2011ರಲ್ಲಿ ಅಲ್ಲಿ ಇದೇ ಒರಿಕ್ಸ್ ‘ಎಂಡೇಂಜರ್ಡ್’ (ಅಳಿವಿನಂಚಿನದು) ವರ್ಗದಿಂದ ಒಂದು ಮೆಟ್ಟಿಲು ಚೇತರಿಸಿ ‘ವಲ್ನರಬಲ್’ (ಅಪಾಯಕ್ಕೀಡಾಗಬಲ್ಲದ್ದು) ಆಯಿತು. 1972ರ ಹೊತ್ತಿಗೆ ಕಾಡಿನಿಂದ ಪೂರ್ತಿ ಅಳಿದಿದ್ದ ಪ್ರಾಣಿ, ಸಾಕಿ ಬೆಳೆಸಿ 1982ರಿಂದ ಒಮಾನ್‌ನಲ್ಲಿ ಮರಳಿ ಬಿಟ್ಟದ್ದು. ಹಾಗಾದರೆ 2007ರ ಮಾತು ಸುಳ್ಳೇ? ಅಲ್ಲ. ಕೆಂಪು ಪಟ್ಟಿ ಹೇಳುವುದು ಜಗತ್ತಿನ ಒಟ್ಟು ಲೆಕ್ಕ, ಯುನೆಸ್ಕೊ ವರದಿ ಹೇಳುವುದು ಒಂದು ಜಾಗದ ಕಥೆ. ಸೌದಿ ಅರೇಬಿಯಾದಂಥ ಬೇರೆ ಕಡೆ ಬಿಟ್ಟ ಹಿಂಡುಗಳೂ ಆ ಒಟ್ಟು ಲೆಕ್ಕದಲ್ಲಿವೆ. ದೇಶವೊಂದರ ಬಗ್ಗೆ ಬರೆಯುವವರು ಜಾಗತಿಕ ವರ್ಗವನ್ನು ಆ ದೇಶಕ್ಕೆ ಅಂಟಿಸಬಾರದು. ರಾಷ್ಟ್ರೀಯ ಕೆಂಪು ಪಟ್ಟಿ ಇದ್ದರೆ ಅದನ್ನು ಬೇರೆಯಾಗಿ ಹುಡುಕಬೇಕು. ಪುಟ ತೆರೆದಾಗ ವರ್ಗಕ್ಕಿಂತ ಮೊದಲು ಮೌಲ್ಯಮಾಪನದ ದಿನಾಂಕ ನೋಡಿ. ಹತ್ತು ವರ್ಷ ದಾಟಿದ್ದರೆ ಅದು ಹಳತಾಯಿತೆಂದು ಪಟ್ಟಿಯೇ ಗುರುತು ಹಾಕುತ್ತದೆ.

ಜಿಬಿಐಎಫ್ ಬಗ್ಗೆ ಅಷ್ಟು ಮೆತ್ತಗೆ ಬರೆಯಲಾರೆ. ನಕ್ಷೆಯ ಮೇಲೆ ಚುಕ್ಕೆ ಕಂಡ ಕೂಡಲೇ ‘ಪ್ರಾಣಿ ಇಲ್ಲಿದೆ’ ಎಂದು ಬರೆಯುವವರ ಸಂಖ್ಯೆ ನೋಡಿದರೆ, ಆ ನಕ್ಷೆಯನ್ನು ಎರಡು ಬಾಗಿಲು ಹಿಂದೆ ಇಡಬೇಕಿತ್ತು ಅನ್ನಿಸುತ್ತದೆ. ಚುಕ್ಕೆ ಮ್ಯೂಸಿಯಮ್ಮಿನ ಚರ್ಮದ್ದಿರಬಹುದು, ಪಳೆಯುಳಿಕೆಯದ್ದಿರಬಹುದು, ಮೃಗಾಲಯದಲ್ಲಿ ಮೇವು ತಿನ್ನುತ್ತಿರುವ ಜೀವಂತ ಪ್ರಾಣಿಯದ್ದೂ ಇರಬಹುದು. ‘ಬೇಸಿಸ್ ಆಫ್ ರೆಕಾರ್ಡ್’ ಫಿಲ್ಟರ್ ಹಾಕಿ ‘ಲಿವಿಂಗ್ ಸ್ಪೆಸಿಮನ್’ ಮತ್ತು ‘ಫಾಸಿಲ್’ ತೆಗೆಯದೆ ಮುಂದೆ ಹೋಗುವಂತಿಲ್ಲ. ಸಾಕುವ ಕೇಂದ್ರಗಳಿಂದಲೇ ಉಳಿದು ಬಂದ ಒರಿಕ್ಸ್‌ನಂಥ ಪ್ರಾಣಿಗೆ ಇದು ಇನ್ನೂ ಮುಖ್ಯ.

ದೇಶದ ಫಿಲ್ಟರಿನಲ್ಲೂ ಎರಡಿವೆ. ‘ಕಂಟ್ರಿ ಆರ್ ಏರಿಯಾ’ ಎಂದರೆ ಜೀವಿ ಸಿಕ್ಕ ಜಾಗ. ‘ಪಬ್ಲಿಷಿಂಗ್ ಕಂಟ್ರಿ’ ಎಂದರೆ ದಾಖಲೆ ಕೊಟ್ಟ ಸಂಸ್ಥೆಯ ದೇಶ. ಎರಡನೆಯದನ್ನು ಒತ್ತಿದರೆ ಯುರೋಪಿನ ಮ್ಯೂಸಿಯಮ್ಮುಗಳಲ್ಲಿರುವ ಒಮಾನ್ ಮಾದರಿಗಳೆಲ್ಲ ಮಾಯ. ಆಮೇಲೆ ಜಿಯೋಸ್ಪೇಷಿಯಲ್ ದೋಷವಿರುವ, ಅಂದರೆ ಜಾಗದ ಗುರುತು ತಪ್ಪಿರುವ ದಾಖಲೆಗಳನ್ನು ತೆಗೆಯಿರಿ. ಅಕ್ಷಾಂಶ ರೇಖಾಂಶ ಎರಡೂ ಸೊನ್ನೆಯಾದ ಪ್ರಾಣಿಗಳು ಆಫ್ರಿಕಾದ ಪಕ್ಕ ಗಿನಿ ಕೊಲ್ಲಿಯ ನೀರಿನಲ್ಲಿ ನಿಂತಿರುತ್ತವೆ. ಅಷ್ಟಾದರೂ ದೇಶದ ನಟ್ಟನಡುವೆ ಒಂದೇ ಬಿಂದುವಿನಲ್ಲಿ ಹತ್ತಾರು ದಾಖಲೆ ಗುಡ್ಡೆ ಬಿದ್ದಿದ್ದರೆ, ಮಾದರಿಗೆ ಕಟ್ಟಿದ ಚೀಟಿಯಲ್ಲಿ ದೇಶದ ಹೆಸರು ಬಿಟ್ಟು ಬೇರೇನೂ ಇರಲಿಲ್ಲ ಎಂದು ಅನುಮಾನಿಸಬೇಕು. ಜನರು ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಿಂದ ಬರುವ ಅಪಾಯದಂಚಿನ ಪ್ರಾಣಿಗಳ ಜಾಗವನ್ನು ಬೇಟೆಗಾರರ ಭಯಕ್ಕೆ ಬೇಕೆಂದೇ ಮಸುಕು ಮಾಡಿರುತ್ತಾರೆ. ಅಸಲಿ ಜಾಗವಿರುವ 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಬಿಂದು ಇಡುತ್ತಾರೆ. ಸಮಭಾಜಕದ ಹತ್ತಿರ ಆ ಚೌಕದ ಒಂದೊಂದು ಬದಿ ಸುಮಾರು 22 ಕಿಲೋಮೀಟರ್. ಅಂಥ ಚುಕ್ಕೆ ಹಿಡಿದು ‘ಈ ಗುಡ್ಡದ ತಪ್ಪಲಲ್ಲಿ ಕಂಡಿದೆ’ ಎಂದು ಬರೆಯಲಾಗದು. ಬಿಂದು ಎಷ್ಟು ಆಚೀಚೆ ಇರಬಹುದೆಂದು ಹೇಳುವ ‘ಕೋಆರ್ಡಿನೇಟ್ ಅನ್‌ಸರ್ಟನ್ಟಿ’ ಅಂಕಣದಲ್ಲಿ ಎಷ್ಟು ಮೀಟರ್ ಎಂದಿದೆಯೋ ನೋಡಿಕೊಳ್ಳಿ.

ಡೌನ್‌ಲೋಡಿಗೆ ಖಾತೆ ಬೇಕು. ‘ಸಿಂಪಲ್’ ಬಗೆ ಸಾಕಾಗುತ್ತದೆ. ಫೈಲಿನ ಬಾಲದಲ್ಲಿ ಸಿಎಸ್‌ವಿ ಎಂದಿದ್ದರೂ ಒಳಗೆ ಅಂಕಣಗಳ ನಡುವೆ ಅಲ್ಪವಿರಾಮದ ಬದಲು ಟ್ಯಾಬ್ ಕೀಲಿಯ ಅಂತರ ಇರುತ್ತದೆ. ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದರೆ ಅಂಕಣಗಳು ಕಲಸಿಹೋಗಬಹುದು, ಹೆಸರುಗಳ ಅಕ್ಷರ ಕೆಡಬಹುದು. ‘ಡೇಟಾ’ ಮೆನುವಿನಿಂದ ಆಮದು ಮಾಡಿ, ಟ್ಯಾಬ್ ಮತ್ತು ಯುಟಿಎಫ್-8 ಅಕ್ಷರಸಂಕೇತ ಆರಿಸಿ. 10,48,576 ಸಾಲು ದಾಟಿದರೆ ಎಕ್ಸೆಲ್ ಕೈಚೆಲ್ಲುತ್ತದೆ.

ಇಷ್ಟು ಬೈದ ಮೇಲೂ ಜಿಬಿಐಎಫ್ ಬಿಡಲಾಗದ್ದಕ್ಕೆ ಕಾರಣವಿದೆ. ಪ್ರತಿ ಡೌನ್‌ಲೋಡಿಗೂ ಅದು ಒಂದು ಡಿಒಐ, ಅಂದರೆ ಬದಲಾಗದ ಗುರುತುಸಂಖ್ಯೆ, ಕೊಡುತ್ತದೆ. ಯಾವ ದಿನ, ಯಾವ ಫಿಲ್ಟರ್, ಯಾವ ಸಂಸ್ಥೆಗಳ ಎಷ್ಟು ದಾಖಲೆ, ಎಲ್ಲ ಆ ಪುಟದಲ್ಲಿ ಉಳಿಯುತ್ತದೆ. ಬೇರೆಯವರು ನಿಮ್ಮ ಲೆಕ್ಕವನ್ನು ತಿರುಗಿ ಮಾಡಿ ನೋಡಬಹುದು. ಯಾರೂ ಉಲ್ಲೇಖಿಸದ ಫೈಲನ್ನು ಆರು ತಿಂಗಳ ನಂತರ ಅಳಿಸುವುದುಂಟು, ಅದಕ್ಕೆ ಒಂದು ಪ್ರತಿ ನಿಮ್ಮಲ್ಲೂ ಇರಲಿ.

ಹಳೆಯ ಪುಸ್ತಕಗಳ ಬಿಎಚ್‌ಎಲ್‌ನಲ್ಲಿ ಸ್ಕ್ಯಾನ್ ಚೆನ್ನಾಗಿದೆ, ಪುಟದಲ್ಲಿರುವ ವೈಜ್ಞಾನಿಕ ಹೆಸರುಗಳನ್ನು ತಾನೇ ಹೆಕ್ಕಿ ಕೊಡುತ್ತದೆ. ತೊಡಕು ಹೆಸರುಗಳದ್ದೇ. ಅರೇಬಿಯನ್ ಒರಿಕ್ಸ್‌ಗೆ ಈಗಿನ ಹೆಸರು ಒರಿಕ್ಸ್ ಲ್ಯೂಕೋರಿಕ್ಸ್. ಹಿಂದಿನವರು ಎಷ್ಟೋ ಕಡೆ ಆ ಹೆಸರನ್ನು ಸಹಾರಾ ಕಡೆಯ ಬಾಗುಕೊಂಬಿನ ಒರಿಕ್ಸ್‌ಗೆ ಬಳಸಿದ್ದಾರೆ. ಅರೇಬಿಯಾದ್ದನ್ನು ಒರಿಕ್ಸ್ ಬಿಯಾಟ್ರಿಕ್ಸ್ ಎಂದು ಕರೆದಿದ್ದಾರೆ. ಈಗಿನ ಹೆಸರು ಹಾಕಿ ಹುಡುಕಿದರೆ ಬೇರೆ ಖಂಡದ ಬೇರೆ ಪ್ರಾಣಿಯ ವರ್ಣನೆ ಕೈಗೆ ಬರುತ್ತದೆ, ಅದೂ ನೋಡಲು ಪಕ್ಕಾ ಇದ್ದಂತೆ. ಕೊಂಬು ನೆಟ್ಟಗಿದೆಯೇ ಬಾಗಿದೆಯೇ ಎಂದು ಚಿತ್ರ ನೋಡಿಯೇ ಮುಂದುವರಿಯಬೇಕು. ಜಾಗದ ಹೆಸರಿಗೂ ಇದೇ ಪಾಡು: ಆ ಸಂರಕ್ಷಿತ ಪ್ರದೇಶ ಈಗ ಅಲ್ ವುಸ್ತಾ ವನ್ಯಜೀವಿ ಧಾಮ, ಅದಿರುವ ಬಯಲಿನ ಜಿದ್ದತ್ ಅಲ್ ಹರಾಸಿಸ್ ಎಂಬ ಹೆಸರನ್ನು ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆದಿದ್ದಾರೆ. ಸಿಕ್ಕ ರೂಪಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟು, ನಾಲ್ಕೂ ಕಡೆ ಒಂದೊಂದಾಗಿ ಹಾಕಿ ಹುಡುಕಬೇಕು.