ಮಲೆನಾಡಿನ ಮನೆಗೆ ವಾಲ್‌ಪೇಪರ್ ಹಾಕಿಸುವ ಮೊದಲು ಗೋಡೆ ನೋಡಿ

ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಮನೆ ಇರುವವರು, ಅದರಲ್ಲೂ ಜಂಬಿಟ್ಟಿಗೆ ಕಲ್ಲಿನ ಹಳೇ ಮನೆಯವರು, ವಾಲ್‌ಪೇಪರ್ ಹಾಕಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಸ್ವಲ್ಪ ತಡೆಯಿರಿ. ಅಂಗಡಿಯವರು "ವಾಟರ್‌ಪ್ರೂಫ್" ಅಂದ ತಕ್ಷಣ ಅಡ್ವಾನ್ಸ್ ಕೊಡಬೇಡಿ.

ನಮ್ಮದು ತೀರ್ಥಹಳ್ಳಿ ಹತ್ತಿರದ ಮನೆ. ಪಶ್ಚಿಮದ ಕೋಣೆಗೆ ಬೇಸಿಗೆಯಲ್ಲಿ ವಿನೈಲ್, ಅಂದರೆ ಪ್ಲಾಸ್ಟಿಕ್ ಪದರದ, ವಾಲ್‌ಪೇಪರ್ ಹಾಕಿಸಿದೆವು. ಶಿವಮೊಗ್ಗದ ಒಂದು ಅಂಗಡಿಯವರು ಕೆಲಸದವರನ್ನೂ ತಾವೇ ಕಳಿಸಿದರು. ಗೋಡೆಗೆ ಹಳೇ ಡಿಸ್ಟೆಂಪರ್ ಬಣ್ಣ ಇತ್ತು, ಕೈಯಿಟ್ಟರೆ ಬಿಳಿ ಪುಡಿ ಅಂಟುತ್ತಿತ್ತು. "ಇದನ್ನು ಕೆರೆದು ತೆಗೆಯಲ್ವಾ, ಪ್ರೈಮರ್ ಹೊಡೆಯಲ್ವಾ?" ಅಂತ ಕೇಳಿದೆ. "ಏನೂ ಬೇಡ ಮೇಡಂ, ನಮ್ಮ ಗಮ್ ಹಿಡ್ಕೊಳ್ಳುತ್ತೆ" ಅಂದರು. ಕಿಟಕಿ ಕೆಳಗೆ ಗಾರೆ ಉಬ್ಬಿತ್ತು. ಅದರ ಮೇಲೂ ಒಂದು ಕೈ ಪುಟ್ಟಿ ಎಳೆದು, ಅದು ಸರಿಯಾಗಿ ಒಣಗುವ ಮುಂಚೆಯೇ ಪೇಪರ್ ಅಂಟಿಸಿ ಹೊರಟರು.

ಆರಿದ್ರಾ ಮಳೆ ಹಿಡಿದ ಮೇಲೆ ಶುರುವಾಯಿತು. ಮೊದಲು ಜಾಯಿಂಟ್‌ಗಳು ಬಾಯಿಬಿಟ್ಟವು. ಆಮೇಲೆ ಕಿಟಕಿ ಕೆಳಗೆ ಪೇಪರ್ ಹಪ್ಪಳದ ಹಾಗೆ ಉಬ್ಬಿತು. ಕೋಣೆಗೆ ಕಾಲಿಟ್ಟರೆ ಮುಗ್ಗಲು ವಾಸನೆ. ನಮ್ಮ ಅತ್ತೆಗೆ ಮೊದಲೇ ಉಬ್ಬಸ, ಅಲ್ಲಿ ಮಲಗಿದರೆ ಕೆಮ್ಮು ಜಾಸ್ತಿ ಆಗುತ್ತಿತ್ತು. ಒಂದು ಮೂಲೆ ಎಳೆದು ನೋಡಿದರೆ ಹಿಂದೆಲ್ಲ ಕಪ್ಪು ಬೂಷ್ಟು. ಡಿಸ್ಟೆಂಪರ್ ಪದರವೇ ಪೇಪರ್ ಜೊತೆ ಕಿತ್ತು ಬಂತು.

ಅಂಗಡಿಗೆ ಫೋನ್ ಮಾಡಿದರೆ "ದೋಷ ನಿಮ್ಮ ಗೋಡೆಯದ್ದು ಮೇಡಂ, ಗ್ಯಾರಂಟಿ ಪೇಪರಿಗೆ ಮಾತ್ರ" ಅಂದರು. ಗೋಡೆ ನೋಡಿಯೇ ಕೆಲಸ ಒಪ್ಪಿಕೊಂಡಿದ್ದು ಅಲ್ವಾ? ದುಡ್ಡು ವಾಪಸ್ ಬರಲಿಲ್ಲ.

ವಾಟರ್‌ಪ್ರೂಫ್ ಅಂದರೆ ಏನು ಅಂತ ಸರಿಯಾಗಿ ತಿಳಿದುಕೊಳ್ಳಿ. ವಿನೈಲ್ ಮೇಲೆ ನೀರು ಚೆಲ್ಲಿದರೆ ಒರೆಸಬಹುದು, ಅದು ನಿಜ. ಆದರೆ ನಮ್ಮ ಕಡೆ ನೀರು ಬರುವುದು ಗೋಡೆಯ ಒಳಗಿಂದ. ಜಂಬಿಟ್ಟಿಗೆ ತೂತು ತೂತಾದ ಕಲ್ಲು, ಮಳೆ ಬಡಿದರೆ ಹೀರಿಕೊಳ್ಳುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಅದೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಗಾಳಿ ಸಮೇತ ಪಶ್ಚಿಮದಿಂದ. ಹಿಂದಿನವರು ಮಳೆಗಾಲಕ್ಕೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಸುಣ್ಣ ಬಳಿದ ಗೋಡೆ ಒದ್ದೆಯಾದರೂ ಬಿಸಿಲು ಬಂದ ಮೇಲೆ ಮೆಲ್ಲಗೆ ಆರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪದರ ಹೊದಿಸಿದರೆ ಆರುವುದೆಲ್ಲಿಂದ? ಒಳಗೆ ಗಂಜಿ ಬೆರೆತ ಗಮ್ ಬೇರೆ ಇದ್ದರೆ ಬೂಷ್ಟಿಗೆ ತಿನ್ನಲು ಅದೇ ಸಾಕು.

ಹಾಗಾಗಿ ಗೋಡೆಯನ್ನು ಮಳೆಗಾಲದಲ್ಲೇ ಪರೀಕ್ಷೆ ಮಾಡಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಒಣಗಿದ ಹಾಗೇ ಕಾಣುತ್ತದೆ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ, ಒಂದೆರಡು ದಿನ ಬಿಡಿ. ಗೋಡೆ ಕಡೆಗಿನ ಮೈಯಲ್ಲಿ ನೀರಹನಿ ಕಂಡರೆ ತೇವ ಗೋಡೆಯೊಳಗೇ ಇದೆ. ಹೊರಮೈಯಲ್ಲಿ ಮಾತ್ರ ಹನಿ ಕೂತಿದ್ದರೆ ಅದು ಕೋಣೆಯ ಗಾಳಿಯದ್ದು. ಗೋಡೆ ಬುಡದಲ್ಲಿ ಬಿಳಿ ಉಪ್ಪು ಹೊಮ್ಮಿದ್ದರೆ ಈ ಪರೀಕ್ಷೆಯೂ ಬೇಡ, ಮೊದಲು ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ. ಹೊರಗಿನ ಬಿರುಕು, ಸೋರುವ ಹಂಚು, ಗೋಡೆಯಾಚೆಯ ಬಚ್ಚಲಿನ ಪೈಪು, ಎಲ್ಲಾ ನೋಡಿ. ಅದನ್ನು ಸರಿಮಾಡದೆ ಒಳಗಿನಿಂದ ಎಷ್ಟು ಪ್ರೈಮರ್ ಹೊಡೆದರೂ ನೀರು ನಿಲ್ಲಲ್ಲ.

ಗೋಡೆ ನಿಜಕ್ಕೂ ಒಣಗಿದ್ದರೆ ಡಿಸ್ಟೆಂಪರ್ ಪೂರ್ತಿ ಕೆರೆದು ತೊಳೆಸಿ, ಪುಟ್ಟಿ ಒಣಗಲು ಬಿಟ್ಟು, ಮರಳು ಕಾಗದದಲ್ಲಿ ಉಜ್ಜಿಸಿ, ಪ್ರೈಮರ್ ಹೊಡೆಸಿ. ಸ್ವಿಚ್ ಬೋರ್ಡ್ ಸುತ್ತ ಒದ್ದೆ ಕೆಲಸ ಮಾಡುವಾಗ ಮೇನ್ ಆಫ್ ಇರಲಿ, ನಮ್ಮಲ್ಲಿ ಬಂದವರು ಅದನ್ನೂ ಮಾಡಲಿಲ್ಲ.

ಇನ್ನೊಂದು. ಕೆರೆಯುವುದು, ಪ್ರೈಮರ್, ಅಂಟಿಸುವ ಕೂಲಿ, ಪೇಪರ್ ಎದ್ದರೆ ಯಾರು ಹೊಣೆ, ಇಷ್ಟನ್ನೂ ಬಿಲ್‌ನಲ್ಲೇ ಬರೆಸಿಕೊಳ್ಳಿ. "ಅದೆಲ್ಲ ಯಾಕೆ ಮೇಡಂ" ಅಂದರೆ ಅಲ್ಲಿಂದ ಎದ್ದು ಬನ್ನಿ.